ಚಾರ್ಜಿಂಗ್ ಬಾಯಿಗೆ ಒಂದು ಉದ್ಧರಣೆ ತೀರ್ಥ

ಎಲೆಕ್ಟ್ರಿಕ್ ಕಾರು ಮನೆಗೆ ಬಂದಂದಿನಿಂದ ರಾಜಗೋಪಾಲನ ನೆಮ್ಮದಿ ಹಾರಿಹೋಗಿತ್ತು. ದೂರದ ಹಿಮನಾಡೊಂದರ ಸೋಡರ್‌ಟೆಲ್ಯೆ ಊರಿನ ಲಾರಿ ಕಾರ್ಖಾನೆಯಲ್ಲಿ ಹಗಲೆಲ್ಲ ಡೀಸೆಲ್ ಎಂಜಿನ್ನುಗಳ ಜೊತೆ ಏಗುವ ಈ ಎಂಜಿನಿಯರ್ ಮಹಾಶಯ, ಸ್ವಂತ ಕಾರಿನ ಬ್ಯಾಟರಿಯ ಮುಂದೆ ಮಾತ್ರ ಹಸುಗೂಸಿನ ತಾಯಿಯಾಗಿಬಿಟ್ಟಿದ್ದ. ಅಲ್ಲಿಯವರು ಫಿಕಾ ಎನ್ನುವ ಬಿಡುವಿನಲ್ಲಿ ಕಾಫಿ ಕುಡಿಯುತ್ತ ಮೊಬೈಲಿನಲ್ಲಿ ಚಾರ್ಜ್ ಎಷ್ಟಿದೆಯೆಂದು ನೋಡುತ್ತಿದ್ದ, ಹಲ್ಲುಜ್ಜುತ್ತ ನೋಡುತ್ತಿದ್ದ, ಹೆಂಡತಿ ಜಾನಕಿ ಮಾತಾಡುತ್ತಿದ್ದರೆ ಹೂಂಗುಟ್ಟುತ್ತ ನೋಡುತ್ತಿದ್ದ. ದೂರದ ಓರೆಬ್ರೂ ಊರಿನ ಗೆಳೆಯರು ಊಟಕ್ಕೆ ಕರೆದರೆ "ನಿಮ್ಮನೆ ಹತ್ರ ಚಾರ್ಜರ್ ಇದ್ಯಾ?" ಎಂದು ಕೇಳಿದ ಮೇಲೆಯೇ ಕ್ಷೇಮಸಮಾಚಾರ. ಚಳಿಗಾಲ ಬಂದ ಮೇಲಂತೂ ಕೇಳುವುದೇ ಬೇಡ. ಹೀಟರ್ ಹಾಕಿದರೆ ಚಾರ್ಜ್ ಇಳಿಯುತ್ತದೆಂದು ಜಾನಕಿಗೆ ಕಂಬಳಿ ಹೊದಿಸಿ ಕೂರಿಸುತ್ತಿದ್ದ.

ಅಂಥವನು, ಉಪ್ಸಾಲಾದಲ್ಲಿ ನಡೆಯುವ ಅವಳ ಪಿಎಚ್‌ಡಿ ವೈವಾಕ್ಕೆ ಕಾರಿನಲ್ಲೇ ಹೋಗಬೇಕೆಂದು ಹಟ ಹಿಡಿದ. ನಲವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಜಾನಕಿ ವರ್ಷಗಟ್ಟಲೆ ತೇಯ್ದದ್ದಕ್ಕೆಲ್ಲ ಅಂದು ಒಂದೇ ಬೆಳಗಿನಲ್ಲಿ ತೀರ್ಪು. ತುಂಬಿದ ಸಭೆಯೆದುರು ನಿಂತು ಪರೀಕ್ಷಕರಿಗೆ ಉತ್ತರ ಹೇಳಬೇಕು, ತಡವಾಗಿ ಹೋದರೆ ಮುಗಿದೇ ಹೋಯಿತು.

"ಟ್ರೇನಲ್ಲಿ ಹೋಗೋಣ ಕಣ್ರೀ, ಡೈರೆಕ್ಟ್ ಇದೆ" ಎಂದಿದ್ದಳು.

"ರೇಷ್ಮೆ ಸೀರೆ ಉಟ್ಕೊಂಡು ಟ್ರೇನಲ್ಲಾ? ಮನೇಲಿ ಕಾರ್ ಇಟ್ಕೊಂಡು?" ಎಂದು ಅವಳ ಬಾಯಿ ಮುಚ್ಚಿಸಿದ್ದ.

ಆ ಬೆಳಿಗ್ಗೆ ಅವಳು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ, ಇವನು ಪಂಚಪಾತ್ರೆ ಹಿಡಿದು ಪಾರ್ಕಿಂಗಿಗೆ ಇಳಿದ. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಕಾರಿಗೆ ಅರಿಶಿನ ಕುಂಕುಮ ಹಚ್ಚಿದ. ಚಕ್ರದಡಿ ನಿಂಬೆಹಣ್ಣು ಇಟ್ಟ. ನಾಲ್ಕೂ ಕಡೆ ತೀರ್ಥ ಪ್ರೋಕ್ಷಿಸಿದ. ಕೊನೆಗೆ, ಕಾರು ಉಣ್ಣುವ ಬಾಯಿ ಇದೇ ಅಲ್ಲವೇ ಎಂದುಕೊಂಡು, ಕೇಬಲ್ ಸಿಕ್ಕಿಸಿದ್ದ ಜಾಗಕ್ಕೂ ಒಂದು ಉದ್ಧರಣೆ ತೀರ್ಥ ಬಿಟ್ಟು ಬಹಳ ಹೊತ್ತು ಕಣ್ಮುಚ್ಚಿ ನಿಂತ. ಬೆರಳು ಮರಗಟ್ಟುವ ಆ ಚಳಿಯಲ್ಲಿ ತೀರ್ಥದ ಗತಿ ಏನಾದೀತೆಂದು ಎಂಜಿನಿಯರನಿಗೆ ಹೊಳೆಯಲೇ ಇಲ್ಲ.

ತಿಂಡಿ ತಿಂದು ಇಬ್ಬರೂ ಇಳಿದು ಬಂದಾಗ ಕೇಬಲ್ ಕಾರಿನ ಬಾಯಿಗೆ ಹೆಪ್ಪುಗಟ್ಟಿ ಕೂತಿತ್ತು. ಅದು ಹೊರಬರದೆ ಕಾರು ಒಂದಡಿಯೂ ಕದಲುವುದಿಲ್ಲ. ಜಗ್ಗಿದ. ಊದಿದ. ಮನೆಗೆ ಓಡಿ ಬಿಸಿನೀರಿನ ಚೀಲ ತಂದು ಒತ್ತಿ ಹಿಡಿದ, ಅಂಗೈಯಿಂದ ಉಜ್ಜಿದ.

"ಏನಾಯ್ತ್ರೀ?"

"ಏನಿಲ್ಲ, ಲಾಕ್ ಸ್ವಲ್ಪ ಟೈಟಾಗಿದೆ. ಐದೇ ನಿಮಿಷ."

ಆ ಐದು ನಿಮಿಷ ಮುಗಿಯುವ ಲಕ್ಷಣ ಕಾಣಲಿಲ್ಲ. ಜಾನಕಿ ಕಾರಿನ ಮೇಲಿನ ಕುಂಕುಮ ನೋಡಿದಳು, ಗಂಡನ ಕೆಂಪೇರಿದ ಮೂಗು ನೋಡಿದಳು, ಬ್ಯಾಗನ್ನು ಹೆಗಲಿಗೇರಿಸಿದಳು.

"ನೀವು ಕಾರ್ ನೋಡ್ಕೊಳ್ಳಿ. ನಾನು ಟ್ರೇನಲ್ಲಿ ಹೋಗ್ತೀನಿ."

ಅವಳು ಸೀರೆಯನ್ನು ಬೂಟಿನ ಮೇಲಕ್ಕೆ ಎತ್ತಿ ಹಿಡಿದು ಹಿಮ ತುಳಿಯುತ್ತ ಹೊರಟೇಬಿಟ್ಟಳು. ರಾಜಗೋಪಾಲ ಇತ್ತ ಕಾರು, ಅತ್ತ ಹೆಂಡತಿ ಎಂದು ಚಡಪಡಿಸಿದ. ಇನ್ನೊಂದು ಸಲ ಜಗ್ಗಿದರೆ ಬಂದೀತೇನೋ ಎಂದು ಜಗ್ಗಿಯೂ ನೋಡಿದ. ತಿರುಗಿದಾಗ ಅವಳು ಮೂಲೆ ದಾಟುತ್ತಿದ್ದಳು. ಆಗ ಬಿಸಿನೀರಿನ ಚೀಲವನ್ನು ಹಿಡಿದುಕೊಂಡೇ ಅವಳ ಹಿಂದೆ ಓಡಿದ.

ರೈಲು ಹೊರಟ ಮೇಲೂ ಅವನ ಏದುಸಿರು ನಿಂತಿರಲಿಲ್ಲ. ಜೇಬಿನಿಂದ ಫೋನ್ ತೆಗೆದು ಕಾರಿನ ಸಮಾಚಾರ ನೋಡಿ ಮತ್ತೆ ಒಳಗಿಟ್ಟ. ಜಾನಕಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

"ಬೆಳಿಗ್ಗೆ ಮನೆ ಕಿಟಕಿಯಿಂದ ನೋಡ್ದೆ. ಅಷ್ಟೊತ್ತು ಕಣ್ಮುಚ್ಕೊಂಡು ನಿಂತಿದ್ರಲ್ಲ, ಏನ್ ಕೇಳ್ಕೊಂಡ್ರಿ?"

"ದಾರೀಲಿ ಚಾರ್ಜ್ ಕೈಕೊಡದೇ ಇರ್ಲಿ ಅಂತ."

"ಆಮೇಲೆ?"

ಆಮೇಲೆ ಏನೂ ಇರಲಿಲ್ಲ. ಅವಳ ವೈವಾದ ನೆನಪೇ ಆಗ ಬಂದಿರಲಿಲ್ಲ. ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಜಾನಕಿ ಸಿಟ್ಟಾಗಲಿಲ್ಲ. ಕೈಗವಸು ಬಿಚ್ಚಿ ತನ್ನ ಕೈಗಳನ್ನು ಅವನ ತೊಡೆಯ ಮೇಲಿಟ್ಟಳು. ಅವು ಮಂಜಿನಂತೆ ತಣ್ಣಗಿದ್ದವು.

"ಭಯ ಆಗ್ತಿದೆ ಕಣ್ರೀ. ನಿನ್ನೆಯಿಂದ ಹೇಳೋಣ ಅಂತಿದ್ದೆ. ನೀವು ಫೋನ್ ನೋಡ್ತಾ ಇದ್ರಿ."

ರಾಜಗೋಪಾಲ ಬಿಸಿನೀರಿನ ಚೀಲ ತಡವಿದ, ಅದು ಆಗಲೇ ತಣ್ಣಗಾಗಿತ್ತು. ಅವಳ ಕೈಗಳನ್ನೇ ತನ್ನ ಅಂಗೈಗಳ ನಡುವೆ ತೆಗೆದುಕೊಂಡು ಉಜ್ಜತೊಡಗಿದ, ಬೆಳಿಗ್ಗೆ ಕೇಬಲ್ಲನ್ನು ಉಜ್ಜಿದ ಹಾಗೆ.

"ಇನ್ನೂ ಉಪ್ಸಾಲಾ ಬಂದಿಲ್ಲ. ಈಗ ಕೇಳ್ಕೊಳ್ಳಿ" ಎಂದಳು.

ಅವನು ಕಣ್ಮುಚ್ಚಿದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಕಾರಿನದೇ ಇರಬೇಕು. ನೋಡಬೇಕೆಂದು ಜೀವ ಒದ್ದಾಡಿತು. ಆದರೆ ಅವನ ಎರಡೂ ಕೈಗಳಲ್ಲಿ ಅವಳ ಕೈಗಳಿದ್ದವು, ಅವು ಇನ್ನೂ ಬೆಚ್ಚಗಾಗಿರಲಿಲ್ಲ.