ಡ್ರಾಯಿಂಗ್ ಕೊಠಡಿಯ ಹಿತ್ತಾಳೆ ತಂಬಿಗೆ

ನಾನು ಒಂದು ಹಿತ್ತಾಳೆ ತಂಬಿಗೆ. ಹುಟ್ಟಿದ್ದು ಕಂಚಗಾರರ ಓಣಿಯಲ್ಲಿ, ಪೆಟ್ಟು ತಿನ್ನುತ್ತ. ಮೊದಲ ನೂರು ಪೆಟ್ಟು ನೋಯುತ್ತವೆ. ಆಮೇಲೆ ಮೈಗೆಲ್ಲ ಜೋಮು ಹಿಡಿಯುತ್ತದೆ. ಬಡಿಯುವವನು ಬಡಿಯುತ್ತಾನೆ, ನಾವು ತಿರುಗುತ್ತಿರುತ್ತೇವೆ, ಅಷ್ಟೇ. ಆ ಜೋಮು ನನಗೆ ಪೂರ್ತಿ ಬಿಡಲೇ ಇಲ್ಲ. ಹಾಗಾಗಿ ನನ್ನ ಕತೆಯಲ್ಲಿ ಅಳುವುದು ಕರೆಯುವುದು ಕಡಿಮೆ. ಬೇಕಾದವರು ಕೇಳಿ, ಬೇಡವಾದವರು ಬಿಡಿ.

ನೀಲವ್ವ ಎಂಬವಳ ಮದುವೆಗೆ ಅವಳ ಸೋದರಮಾವ ನನ್ನನ್ನು ತಂದು, ಕತ್ತಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಹಾಕಿಸಿದ. ಮೂವತ್ತು ವರ್ಷ ಆ ಮನೆಗೆ ಬಂದವರಿಗೆಲ್ಲ ನೀರು ಕೊಟ್ಟೆ. ನೀಲವ್ವ ತೀರಿಕೊಂಡ ಮೇಲೆ ಮಗ ಗುರುಸಿದ್ದಪ್ಪ ಪತ್ತಾರ ನನ್ನನ್ನು ಚೀಲಕ್ಕೆ ಹಾಕಿಕೊಂಡು ತಾವು ಕಲಿಸುತ್ತಿದ್ದ ಪ್ರೌಢಶಾಲೆಗೆ ಒಯ್ದರು. ಅವರು ಡ್ರಾಯಿಂಗ್ ಮಾಸ್ತರು. ನೋಡಿ ಬಿಡಿಸಲು ಮಕ್ಕಳ ಮುಂದೆ ಏನಾದರೂ ಇಡಬೇಕಲ್ಲ, ನನ್ನನ್ನು ಇಟ್ಟರು. ಅಲ್ಲಿದ್ದಷ್ಟು ದಿನ ನನ್ನೊಳಗೆ ಒಂದು ಹನಿ ನೀರು ಬೀಳಲಿಲ್ಲ.

ಕೊಠಡಿಯ ನಡುವೆ ಒಂದು ಮೇಜು, ಮೇಜಿನ ಮೇಲೆ ಸೀಮೆಸುಣ್ಣದ ವೃತ್ತ, ವೃತ್ತದೊಳಗೆ ನಾನು. ಸುತ್ತ ಮಕ್ಕಳು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನಂಬುವುದಿಲ್ಲವೇ? ಪತ್ತಾರ ಸರ್ ಹಲಗೆಯ ಮೇಲೆ ಬರೆದು ಕಲಿಸುತ್ತಿದ್ದುದೇ ಹಾಗೆ.

"ನಡುವ ಒಂದು ಗೆರಿ ಹೊಡೀರಿ. ಎಡಕ್ಕ ಎಷ್ಟೋ ಬಲಕ್ಕ ಅಷ್ಟ. ಎಡಗಡೆ ಕಪ್ಪಗ ತಿಕ್ಕರಿ. ಬಲಗಡೆ ರಬ್ಬರ್ ತಗೊಂಡು ಮ್ಯಾಲಿಂದ ಕೆಳಗ ಒಂದ ಬಿಳಿ ಪಟ್ಟಿ ಎಳೀರಿ. ಮುಗೀತು, ತಂಬಿಗಿ ಹೊಳೀತೈತಿ."

ನಾನು ಹೊಳೆಯುತ್ತಿರಲಿಲ್ಲ. ತೊಳೆಯದೆ ಬೆಳಗದೆ ಕಂದಿ ಹೋಗಿದ್ದೆ. ಆದರೂ ಸಾವಿರಾರು ಹಾಳೆಗಳಲ್ಲಿ ಒಂದೇ ಬಿಳಿ ಪಟ್ಟಿಯೊಂದಿಗೆ ಹೊಳೆದೆ. ಹಾಗೆ ಬಿಡಿಸಿದವರೆಲ್ಲ ಸರ್ಕಾರದ ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯಲ್ಲಿ ಪಾಸಾದರು. ಸರ್ ಪ್ರತಿ ವರ್ಷ ಬೇರೆ ಊರಿನ ಪೇಪರ್ ತಿದ್ದಲು ಹೋಗುತ್ತಿದ್ದರು. ಅಲ್ಲಿಯೂ ಅದೇ ಬಿಳಿ ಪಟ್ಟಿಗೇ ಅಂಕ ಹಾಕುತ್ತಿದ್ದರಂತೆ. ಮಕ್ಕಳು ಪಾಸಾಗಲಿ ಎನ್ನುವುದೊಂದೇ ಅವರ ಆಸೆ, ಪಾಪ.

ಹತ್ತನೇ ತರಗತಿಗೆ ಡ್ರಾಯಿಂಗ್ ಪೀರಿಯಡ್ ಇರುವುದು ವೇಳಾಪಟ್ಟಿಯಲ್ಲಿ ಮಾತ್ರ. ಆ ಹೊತ್ತಿಗೆ ಗಣಿತದ ಸರ್ ಬಂದು ನಿಂತಿರುತ್ತಾರೆ. "ಪತ್ತಾರ್ರ, ತಂಬಿಗಿ ಚಿತ್ರ ತಗದು ಯಾರರೆ ಡಾಕ್ಟರ್ ಆಗ್ಯಾರೇನು?" ಎಂದು ಹೆಡ್ ಮಾಸ್ತರು ನಗುತ್ತಿದ್ದರು. ಹಾಗಾಗಿ ನಮ್ಮ ಕ್ಲಾಸು ಬೆಳಿಗ್ಗೆ, ಶಾಲೆಯ ಗಂಟೆಗೆ ಮೊದಲು.

ಆ ಕ್ಲಾಸಿಗೆ ಎಲ್ಲರಿಗಿಂತ ಮುಂಚೆ ಬಂದು ಬಾಗಿಲ ಹತ್ತಿರ ಕಾಯುತ್ತಿದ್ದವಳು ಮುಕ್ತಾ ಬಾರ್ಕೇರ. ಬಡಕಲು ಹುಡುಗಿ, ಬೆರಳ ತುದಿ ಯಾವಾಗಲೂ ಪೆನ್ಸಿಲ್ಲಿನ ಕಪ್ಪು. ಅವಳ ಅಪ್ಪ ಒಂದು ಮಾತು ಹೇಳಿಬಿಟ್ಟಿದ್ದ. ಅದನ್ನು ಅವಳು ಗೆಳತಿಗೆ ಹೇಳುವಾಗ ನಾನು ಕೇಳಿಸಿಕೊಂಡೆ: "ಹೈಯರ್ ಪಾಸಾದ್ರ ಗದಗಿಗೆ ಚಿತ್ರಕಲಾ ಸಾಲಿಗೆ ಕಳಸ್ತಾನಂತ. ಇಲ್ಲಾಂದ್ರ ಸುಮ್ಮನ ಮಾವಶಿ ಅಂಗಡ್ಯಾಗ ಹೊಲಿಗಿ ಮಷಿನ್ನಿಗೆ ಕುಂದ್ರಬೇಕಂತ." ಮಾವಶಿ ಎಂದರೆ ಅವಳ ಅವ್ವನ ತಂಗಿ.

ಪರೀಕ್ಷೆಯ ದಿನ ಬಂತು. ಅಂದು ತಪ್ಪು ಮಾಡಿದವಳು ದುರ್ಗವ್ವ, ಶಾಲೆಯ ಆಯಾ. ತಪ್ಪೆಂದು ಹೇಗೆ ಹೇಳಲಿ? ಬೆಳಿಗ್ಗೆ ಕಸ ಗುಡಿಸಲು ಬಂದವಳು ನನ್ನನ್ನು ಎತ್ತಿ ನೋಡಿ ಮುಖ ಸಿಂಡರಿಸಿದಳು. "ಅಯ್ಯ ಶಿವನ! ಹೊರಗಿಂದ ಸಾಹೇಬ್ರು ಬರ್ತಾರ, ಇಂಥಾ ಹೊಲಸು ತಂಬಿಗಿ ಇಟ್ರ ಸಾಲಿ ಮರ್ಯಾದಿ ಏನ ಉಳೀತು?" ಎಂದವಳೇ ಹುಣಸೆಹಣ್ಣು, ಉಪ್ಪು ಹಚ್ಚಿ ಗಸಗಸ ತಿಕ್ಕಿದಳು. ನೀಲವ್ವ ಹೋದ ಮೇಲೆ ಮೊದಲ ಸಲ ನಾನು ನಿಜವಾಗಿ ಹೊಳೆದೆ.

ಕಲಿಸಿದ ಮಾಸ್ತರು ಪರೀಕ್ಷೆಯ ಕೊಠಡಿಗೆ ಬರುವಂತಿಲ್ಲ. ಹೊರಗಿನ ಮೇಲ್ವಿಚಾರಕರು ನನ್ನನ್ನು ವೃತ್ತದೊಳಗಿಟ್ಟು ಗಂಟೆ ಹೊಡೆಸಿದರು. ಮೂವತ್ತೆರಡು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳು ತಲೆ ತಗ್ಗಿಸಿ ನಡುವೆ ಗೆರೆ ಹೊಡೆದರು. ಮುಕ್ತಾ ಮಾತ್ರ ನನ್ನನ್ನು ನೋಡಿದಳು.

ನೋಡುತ್ತಲೇ ಕುಳಿತಳು. ನನ್ನ ಹೊಟ್ಟೆಯ ಮೇಲೆ ಬಿಳಿ ಪಟ್ಟಿ ಇರಲಿಲ್ಲ. ಸರಳುಗಳ ಸಮೇತ ಕಿಟಕಿ ಇತ್ತು, ಡೊಂಕಾಗಿ. ಬಗ್ಗಿದ ತಲೆಗಳ ಸಾಲಿತ್ತು. ನಡುವೆ ಉದ್ದಿನ ಕಾಳಿನಷ್ಟು ಅವಳದೇ ಮುಖ. ಅರ್ಧ ಗಂಟೆ ಅವಳು ಒಂದು ಗೆರೆಯನ್ನೂ ಎಳೆಯಲಿಲ್ಲ. 'ಎಳಿಯೇ ಹುಡುಗಿ, ಆ ಸುಡುಗಾಡು ಪಟ್ಟಿ ಎಳೆದು ಗದಗಿಗೆ ಹೋಗು' ಎಂದು ನನಗೆ ಅನ್ನಿಸಿತು. ಜೊತೆಗೆ ಮೈಯೆಲ್ಲ ಮುಳ್ಳು ಆಡಿದ ಹಾಗಾಯಿತು. ಜೋಮು ಬಿಡುವಾಗ ಹಾಗೇ ಆಗುತ್ತದಂತೆ. ಕೊನೆಗೆ ಅವಳು ಪೆನ್ಸಿಲ್ ಎತ್ತಿ ಕಂಡಿದ್ದೆಲ್ಲವನ್ನೂ ಬಿಡಿಸಿದಳು.

ಫಲಿತಾಂಶ ಬಂದಾಗ ಮೂವತ್ತೊಂದು ಮಂದಿ ಪಾಸು. ಮುಕ್ತಾ ಫೇಲು.

"ನಿನ್ನ ಕೈ ಎಲ್ಲಾರಕಿಂತ ಚಲೋ ಐತಿ. ಏನ್ ಮಾಡಿ ಬಂದಿ ಅಲ್ಲೆ?" ಎಂದು ಪತ್ತಾರ ಸರ್ ರೇಗಿದರು.

"ಇದ್ದಂಗ ತಗದೇನ್ರಿ ಸರ್."

"ಏನ್ ಇದ್ದಂಗ?"

ಉತ್ತರಪತ್ರಿಕೆ ವಾಪಸು ಬರುವುದಿಲ್ಲ. ಅವಳು ಏನು ಬಿಡಿಸಿದಳೆಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಅವಳು ದುರ್ಗವ್ವನಿಂದ ಹುಣಸೆಹಣ್ಣು ತಂದು ನನ್ನನ್ನು ಬೆಳಗಿ, ಮೇಜಿನ ಮೇಲಿಟ್ಟು ಅಲ್ಲೇ ಕುಳಿತು ಮತ್ತೆ ಬಿಡಿಸಿದಳು. ಸರ್ ಹಾಳೆ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಬಗ್ಗಿದರು. ನಾನು ಶಾಲೆಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವರ ಮುಖ ನನ್ನೊಳಗೆ ಬಂತು.

"ಮುಕ್ತಾ, ಈ ಪೇಪರ್ ನನ್ನ ಮುಂದ ಬಂದಿದ್ರ ನಾನೂ ಫೇಲ್ ಮಾಡ್ತಿದ್ದೆ," ಎಂದರು.

"ಹೌದ್ರಿ ಸರ್."

"ಬರೂ ವರ್ಷ ಮತ್ತ ಕುಂದ್ರತೀಯೇನು?"

"ಅಪ್ಪ ಒಲ್ಲೆ ಅಂದಾನ್ರಿ. ಸೋಮವಾರದಿಂದ ಅಂಗಡಿಗೆ ಹೋಗ್ತೇನ್ರಿ."

ಸರ್ ನನ್ನನ್ನು ಎತ್ತಿ ಅವಳ ಕೈಗೆ ಕೊಟ್ಟರು. "ನಮ್ಮವ್ವಂದಿದು. ಇನ್ನ ಇಲ್ಲೆ ಇಡಾಕ ನನಗ ನಾಚಿಗಿ ಆಕ್ಕೈತಿ," ಎಂದರು. ಮರುವರ್ಷ ಅವರು ಪ್ಲಾಸ್ಟಿಕ್ ಜಗ್ ಇಟ್ಟು ಕಲಿಸಿದರೆಂದು ಕೇಳಿದೆ. ಬಿಳಿ ಪಟ್ಟಿ ಅದಕ್ಕೂ ಇತ್ತೋ ಇಲ್ಲವೋ, ನನಗೆ ತಿಳಿಯದು.

ಅದಾಗಿ ಈಗ ಹದಿನೇಳು ವರ್ಷ. ನಾನು ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿಯ ಪಕ್ಕ ಇರುತ್ತೇನೆ. ಬಟ್ಟೆಗೆ ಚಿಮುಕಿಸುವ ನೀರು ನನ್ನೊಳಗಿದೆ. ಮಾವಶಿ ಈಗ ಬದುಕಿಲ್ಲ, ಅಂಗಡಿ ಮುಕ್ತಾಳದೇ. ಪ್ರತಿ ಶುಕ್ರವಾರ ನನ್ನನ್ನು ತಪ್ಪದೆ ಬೆಳಗುತ್ತಾಳೆ. ಬೆಳಗಿ ಒಂದು ಗಳಿಗೆ ನೋಡುತ್ತಾಳೆ. ಅಷ್ಟರಲ್ಲಿ ಯಾರೋ ಬ್ಲೌಸಿನ ಅಳತೆ ಕೊಡಲು ಬರುತ್ತಾರೆ. ಅವಳು ಚಿತ್ರ ಬಿಡಿಸಿದ್ದನ್ನು ನಾನು ಮತ್ತೆ ಕಂಡಿಲ್ಲ. ಅವಳಿಗೂ ಜೋಮು ಹಿಡಿದಿರಬೇಕು ಎಂದುಕೊಂಡು ಸುಮ್ಮನಿದ್ದೆ.

ಕಳೆದ ಶುಕ್ರವಾರ ಅವಳ ಅಣ್ಣನ ಮಗಳು ವಾಣಿ ಬಂದು ಕುಳಿತಳು. ಬೇರೆ ಶಾಲೆ, ಹತ್ತನೇ ತರಗತಿ. ತೊಡೆಯ ಮೇಲೆ ಡ್ರಾಯಿಂಗ್ ಬೋರ್ಡ್. "ಅತ್ತಿ, ಪರೀಕ್ಷಾ ಹತ್ರ ಬಂತು. ನಿನ್ನ ತಂಬಿಗಿ ಇಡು, ಪ್ರ್ಯಾಕ್ಟೀಸ್ ಮಾಡ್ತೀನಿ," ಎಂದಳು. ಆಗತಾನೇ ಬೆಳಗಿದ ನನ್ನನ್ನು ಮುಕ್ತಾ ಸ್ಟೂಲಿನ ಮೇಲಿಟ್ಟು ವಾಣಿಯ ಹಿಂದೆ ನಿಂತಳು. ವಾಣಿ ತಲೆ ತಗ್ಗಿಸಿ ನಡುವೆ ಒಂದು ಗೆರೆ ಹೊಡೆದಳು.

"ನೋಡಿ ತಗಿ," ಎಂದಳು ಮುಕ್ತಾ.

"ನಮ್ಮ ಸರ್ ಹಿಂಗ ತಗೀರಿ ಅಂದಾರ ಅತ್ತಿ. ಹಿಂಗ ತಗದ್ರ ಪಾಸಂತ."

ಮುಕ್ತಾ ಹಾಳೆಯ ಮೇಲಿನ ಆ ಗೆರೆಯನ್ನು ನೋಡಿದಳು. ಕತ್ತರಿ ಅವಳ ಕೈಯಲ್ಲೇ ಇತ್ತು. ಹೇಳೇ, ಈಗಾದರೂ ಹೇಳೇ ಎಂದು ನಾನು ಒಳಗೇ ಒದ್ದಾಡಿದೆ. ನೋವಾಯಿತು ನನಗೆ, ಖರೇ ಹೇಳುತ್ತೇನೆ.

"ಹಂಗಾರ ಹಂಗ ತಗಿ," ಎಂದಳು ಕೊನೆಗೆ. "ನೀ ಮೊದಲ ಪಾಸಾಗು."

ವಾಣಿ ತಲೆ ಎತ್ತದೆ ಎಡಗಡೆ ಕಪ್ಪಗೆ ತಿಕ್ಕಿದಳು. ನನ್ನ ಹೊಟ್ಟೆಯ ಬಲಗಡೆಯಲ್ಲಿ, ಅವಳ ಹೆಗಲ ಹಿಂದೆ ನಿಂತ ಮುಕ್ತಾಳ ಮುಖ ಮೂಡಿತ್ತು. ಹಾಳೆಯಲ್ಲಿ ಆ ಜಾಗಕ್ಕೆ ವಾಣಿ ರಬ್ಬರ್ ಇಟ್ಟು, ಮೇಲಿಂದ ಕೆಳಗೆ ಒಂದು ಬಿಳಿ ಪಟ್ಟಿ ಎಳೆದಳು.