ಗುಂಡಿಯಿಂದ ಬಾರದ ಉತ್ತರ

ಲಿಫ್ಟ್ ರಿಪೇರಿಯವನು ಲಿಫ್ಟಿನ ತಳದ ಗುಂಡಿಗೆ ಇಳಿಯುವ ಮೊದಲು ಜೇಬು ತಡಕಿಕೊಂಡ. ಮಾತ್ರೆಯ ಪಟ್ಟಿ ಇರಲಿಲ್ಲ. ಬೆಳಿಗ್ಗೆ ತಾನೇ ಅದನ್ನು ಹೆಂಡತಿಯ ತಮ್ಮನ ಕೈಗಿಟ್ಟು, ಕೇಳಿದರೂ ಕೊಡಬೇಡ ಎಂದಿದ್ದ. ಕೈ ಮಾತ್ರ ಹಳೆಯ ಚಾಳಿ ಬಿಟ್ಟಿರಲಿಲ್ಲ.

ಎದೆಯುರಿಗೆಂದು ಎರಡು ತಿಂಗಳಿಗೆ ಬರೆದುಕೊಟ್ಟ ಮಾತ್ರೆ ಅದು. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ವರ್ಷಗಟ್ಟಲೆ ಹಲ್ಲುಜ್ಜಿದಷ್ಟೇ ಸಲೀಸಾಗಿ ನುಂಗಿಕೊಂಡು ಬಂದ. ಈಗ ಹೊಸ ಡಾಕ್ಟರಮ್ಮ ಹೊಟ್ಟೆಯನ್ನೂ ಹೃದಯವನ್ನೂ ಪರೀಕ್ಷಿಸಿ, ಇನ್ನು ಇದರ ಅಗತ್ಯವಿಲ್ಲ, ಮೆಲ್ಲಗೆ ಬಿಡೋಣ ಎಂದಿದ್ದರು. ಬಿಡುವಾಗ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕುತ್ತದೆ, ಹೆದರಬೇಡಿ. ಆದರೆ ನೋವು ತೋಳಿಗೆ ಇಳಿದರೆ, ಬೆವರು ಕಿತ್ತುಕೊಂಡು ಬಂದರೆ ಕಾಯದೆ ಬನ್ನಿ ಎಂದೂ ಹೇಳಿದ್ದರು. ಹೆದರಬೇಡಿ ಎಂದದ್ದು ಇವನ ತಲೆಗೆ ಹೋಗಲಿಲ್ಲ. ಅದರ ಮುಂದಿನದು ಹೋಗಿ ಠಿಕಾಣಿ ಹೂಡಿತು.

ಕಾರಣವಿತ್ತು. ಇವನ ಅಣ್ಣನೂ ಇದೇ ಕಸುಬಿನವನು. ಒಂದು ದಿನ ಎದೆ ಹಿಡಿದುಕೊಂಡಾಗ ಗ್ಯಾಸು ಎಂದು ನಕ್ಕು, ಇವನ ಪಟ್ಟಿಯಿಂದಲೇ ಒಂದು ಮಾತ್ರೆ ಇಸಿದುಕೊಂಡು ನುಂಗಿ, ಸುಧಾರಿಸಿಕೊಳ್ಳಲು ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಈ ಕೆಲಸದಲ್ಲಿ ಗುಂಡಿಯಲ್ಲಿ ಒಬ್ಬ, ಲಿಫ್ಟಿನ ಡಬ್ಬಿಯ ನೆತ್ತಿಯ ಮೇಲೆ ಒಬ್ಬ. ಮೇಲಿನವನು ಕೂಗಬೇಕು, ಕೆಳಗಿನವನು ಓಗೊಡಬೇಕು. ಓಗೊಡದೆ ಡಬ್ಬಿ ಒಂದು ಗೇಣೂ ಅಲ್ಲಾಡುವಂತಿಲ್ಲ. ಮೇಲಿದ್ದವನು ಆ ಭಾವಮೈದುನನೇ. ಬಾಯಿ ಮುಚ್ಚಿ ಗೊತ್ತಿಲ್ಲದವನು; ಜೊತೆಯವರು ಅವನನ್ನು ಗಂಟೆ ಎಂದೇ ಕರೆಯುತ್ತಿದ್ದರು.

ಇವನು ಬಗ್ಗಿ ಸ್ಪ್ರಿಂಗಿನ ಬುಡದ ನಟ್ಟು ಬಿಗಿಯುತ್ತಿದ್ದಾಗ ಅದು ಬಂತು. ಹೊಟ್ಟೆಯ ತಳದಿಂದ ಕಾದ ಸರಳೊಂದು ಎದೆಗೂಡು ಸೀಳಿ ಗಂಟಲಿಗೆ ನಾಟಿತು. ಬಾಯಿ ತುಂಬ ಹುಳಿನೀರು. ಬೆವರು ಒಡೆಯಿತು. ಗುಂಡಿಯ ಸೆಕೆಯದೋ, ಇನ್ನೊಂದರದೋ? ಎಡಗೈ ಜೋಮು ಹಿಡಿದಂತಿತ್ತು. ಸ್ಪ್ಯಾನರ್ ಹಿಡಿದದ್ದು ಆ ಕೈಯಲ್ಲೇ ಅಲ್ಲವೇ? ಅದೇ ಮರೆತುಹೋಯಿತು.

"ಭಾವ, ಇಳಿಸ್ಲಾ?"

ಓಗೊಡಲು ಬಾಯಿ ತೆರೆದ. ದನಿ ಹೊರಡಲಿಲ್ಲ. ತಲೆಯ ಮೇಲೆ ಡಬ್ಬಿಯ ಕಪ್ಪು ತಳ. ಅಣ್ಣನೂ ಹೀಗೆಯೇ ಬಾಯಿ ತೆರೆದಿದ್ದನೇನೋ. ಅವನನ್ನು ಕೂಗಿದವರೇ ಇರಲಿಲ್ಲ.

"ಭಾವ? ತಮಾಷೆ ಬೇಡ."

ಆಮೇಲೆ ದಡದಡನೆ ಮೆಟ್ಟಿಲಿಳಿಯುವ ಸದ್ದಷ್ಟೇ. ಬಾಗಿಲ ಸಂದಿನಲ್ಲಿ ಕಂಡ ಗಂಟೆಯ ಮುಖ ಬಿಳಿಚಿಕೊಂಡಿತ್ತು, ಕೈಯಲ್ಲಿ ಪಟ್ಟಿ. "ತಗೊಳ್ಳಿ. ಅಕ್ಕನಿಗೆ ಹೇಳಲ್ಲ."

ಇವನು ಪಟ್ಟಿಯನ್ನೇ ನೋಡಿದ. ಅಣ್ಣನಿಗೂ ತಾನು ಹೀಗೆಯೇ ಚಾಚಿದ್ದ. ನುಂಗಿದರೆ ಅವನಂತೆಯೇ ಕೂತು ಕಾಯಬೇಕು.

"ಮಾತ್ರೆ ಬೇಡ ಕಣೋ," ಎಂದ, ದನಿ ಗೊಗ್ಗರಾಗಿತ್ತು. "ಆಸ್ಪತ್ರೆಗೆ ಕರ್ಕೊಂಡು ಹೋಗು."

ಅಲ್ಲಿ ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು, ಕಾಯಿಸಿ ಮತ್ತೊಮ್ಮೆ ತೆಗೆದರು. ಹೃದಯ ನೆಟ್ಟಗಿತ್ತು. ಡಾಕ್ಟರಮ್ಮ ಇದು ಬರೀ ಆಮ್ಲ ಎಂದು, ತಡೆಯಲಾಗದಾಗ ಕುಡಿಯಲು ಒಂದು ಔಷಧಿ ಬರೆದುಕೊಟ್ಟು, ಬಂದದ್ದು ಒಳ್ಳೆಯದೇ ಆಯಿತು ಎಂದರು. ಒಂದು ಹುಳಿತೇಗಿಗೆ ಇಷ್ಟು ದೊಡ್ಡ ಮೆರವಣಿಗೆಯೇ ಎಂದು ಗಂಟೆ ನಕ್ಕ. ನಗುವಾಗಲೂ ಇವನ ತೋಳು ಬಿಟ್ಟಿರಲಿಲ್ಲ.

ಮರುದಿನ ಇವನು ಅದೇ ಗುಂಡಿಗಿಳಿದ. ಬಗ್ಗಿದೊಡನೆ ಎದೆಯಲ್ಲಿ ಬಿಸಿ ತಲೆಯೆತ್ತಿತು. ನಿನ್ನೆಯ ಆಮ್ಲವೇ ಅಲ್ಲವೇ? ಅದೇ ಇರಬೇಕು. ಡಬ್ಬಿ ಇಳಿಸುವ ಕೆಲಸ ಇನ್ನೂ ಬಂದಿರಲಿಲ್ಲ. ಆದರೂ ಮೇಲಿನಿಂದ ಕೂಗು ಬಂತು.

"ಭಾವ?"

ಹೂಂ ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಕೂಗು, ಮತ್ತೆ ಹೂಂ. ಇವನು ಬೈಯಲಿಲ್ಲ. ಮುಂದಿನ ಕೂಗು ತಡವಾಯಿತೆನಿಸಿದಾಗ ಸ್ಪ್ಯಾನರ್ ಕೆಳಗಿಟ್ಟು ತಾನೇ ಕತ್ತೆತ್ತಿದ.

"ಲೋ, ಇದೀಯೇನೋ?"