ಮಂಗಳವಾರದ ಗಡ್ಡ

ಕ್ಷೌರದ ಬಾಲರಾಜು ಬ್ಲೇಡನ್ನು ಎರಡಾಗಿ ಮುರಿದು, ಅರ್ಧವನ್ನು ಕತ್ತಿಯ ಬಾಯಿಗೆ ಸಿಕ್ಕಿಸುತ್ತಿದ್ದ. ಅಷ್ಟರಲ್ಲಿ ಬೀದಿಯ ಬೇವಿನ ಮರದ ಕೆಳಗೆ ಒಂದು ವ್ಯಾನು ಬಂದು ನಿಂತಿತು.

"ಯಾರದು?" ಎಂದ ಬಸವೇಶ್, ತಿರುಗಿ ನೋಡದೆ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ತಂದೆಯ ಎದೆಗೆ ಬಿಳಿ ಪಂಚೆ ಸುತ್ತಿ ಅವನು ಗಂಟು ಬಿಗಿಯುತ್ತಿದ್ದ.

ಪರಮೇಶ್ವರಪ್ಪ ನಸುಕಿನಲ್ಲಿ ತೀರಿಕೊಂಡಿದ್ದರು. ವಾರವಿಡೀ ಜ್ವರದಲ್ಲಿ ಮಲಗಿದ್ದವರ ಮುಖದ ತುಂಬ ಬಿಳಿಯ ಕುರುಚಲು. ಮೊದಲು ಕ್ಷೌರ, ಆಮೇಲೆ ಸ್ನಾನ, ವಿಭೂತಿ. ಅದಾದ ಮೇಲೆ ಹೂವು ಕಟ್ಟಿದ ಹೆಣದ ವಿಮಾನದಲ್ಲಿ ಕೂರಿಸಿ ಹೊರಡಬೇಕು. ಹೊಳಲ್ಕೆರೆ ಪೇಟೆಯ ಅರ್ಧ ಜನ ಹೊರಗೆ ಕಾಯುತ್ತಿದ್ದರು. ಭಜನೆಯವರು ತಾಳ ಕೆಳಗಿಟ್ಟು ಪಕ್ಕದ ಮನೆಯಿಂದ ಬಂದ ಚಹ ಕುಡಿಯುತ್ತಿದ್ದರು.

ಕಾವ್ಯಶ್ರೀ ನಡುಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಸತ್ತವರ ಕಿರಿಸೊಸೆ. ಗಂಡ ಯೋಗೇಶ್ ತೀರಿಹೋಗಿ ಎರಡು ವರ್ಷವಾಗಿತ್ತು. ಅಂದಿನಿಂದ ಈ ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತ ಬಂದಿದ್ದಳು. ಕೇಳುವವರೂ ಕಡಿಮೆಯಾಗಿದ್ದರು. ಅಂದು ಅತ್ತಿರಲಿಲ್ಲ. ಇವತ್ತೂ ಅಳು ಬಂದಿರಲಿಲ್ಲ.

ವ್ಯಾನಿನಿಂದ ಇಳಿದವನು ಒಬ್ಬನೇ, ಉಳಿದವರು ಒಳಗೇ ಕೂತಿದ್ದರು. ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು, ಕಾಲೆಳೆಯುತ್ತ ಒಳಗೆ ಬಂದ. ಲಕ್ವ ಹೊಡೆದ ಬಲಗೈ ಎದೆಯ ಹತ್ತಿರ ಮಡಚಿಕೊಂಡಿತ್ತು.

"ಸಾವ್ಕಾರ್ರೇ, ನಾನು ಕಾಟಯ್ಯ. ವೃದ್ಧಾಶ್ರಮದಿಂದ ಬಂದಿದೀನಿ. ಇವತ್ತು ಮಂಗಳವಾರ ಅಲ್ರಾ, ಎಲ್ರೂ ಮುಖ ತೊಳ್ಕಂಡು ಜಗಲಿ ಮ್ಯಾಲೆ ಯಜಮಾನ್ರನ್ನ ಕಾಯ್ತಾ ಕುಂತಿದ್ವಿ. ಆಮೇಲೆ ಸುದ್ದಿ ಬಂತು." ಅವನು ಪರಮೇಶ್ವರಪ್ಪನವರ ಕಡೆ ನೋಡಿದ. "ಯಜಮಾನ್ರ ಗಡ್ಡ ನಾನು ಮಾಡ್ತೀನಿ."

ಬಸವೇಶ್ ಆ ಮಡಚಿದ ಕೈ ನೋಡಿದ. "ಯಾವ ಕೈಲಪ್ಪ?"

"ಎಡಗೈಲಿ. ಅವರೇ ಕಲ್ಸಿದ್ದು. ಅದಕ್ಕೂ ಮುಂಚೆ ಭರಮಸಾಗರದ ಕಡೆ ನಮ್ಮ ಹಟ್ಟೀಲಿ ಎಷ್ಟು ಕುರಿ ಉಣ್ಣೆ ಕತ್ತರ್ಸಿದೀನೋ ಲೆಕ್ಕ ಇಲ್ಲ."

ಮೂಲೆಯಲ್ಲಿ ಕೂತಿದ್ದ ಮರುಳಸಿದ್ದಮ್ಮ ತಲೆ ಎತ್ತಿದರು. ಪರಮೇಶ್ವರಪ್ಪನವರ ಅಕ್ಕ, ರಾಮಗಿರಿಯಿಂದ ಬಂದವರು. "ನನ್ ತಮ್ಮ ಏನು ಕುರಿ ಏನಪ್ಪ?"

"ಅಲ್ರಮ್ಮ. ಕುರಿ ಒದೀತಾವೆ. ಇವರು ಒಂದ್ ದಿನಾನೂ ಒದ್ದೋರಲ್ಲ."

ಯಾರೋ ನಕ್ಕರು. ಬಸವೇಶ್ ನಗಲಿಲ್ಲ. "ಕುಂತ್ಕ ಹೋಗಪ್ಪ, ಚಾ ಕುಡಿ. ಬಾಲರಾಜು ಅದಾನೆ. ಇಷ್ಟು ಜನ ನೋಡ್ತಾವ್ರೆ, ಮುಖದ ಮೇಲೆ ಗಾಯ ಆದ್ರೆ ಏನ್ ಮಾಡ್ತೀಯ?"

ಕಾಟಯ್ಯ ಎಡಗೈಯನ್ನು ಮೆಲ್ಲಗೆ ಹೆಗಲ ಟವೆಲಿನೊಳಗೆ ಸೇರಿಸಿಕೊಂಡ. ಕಾವ್ಯಶ್ರೀ ಅದನ್ನು ನೋಡಿದಳು.

*

ಎರಡು ವರ್ಷದ ಹಿಂದೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಯೋಗೇಶನ ಎರಡೂ ಕೈಗೆ ಪಟ್ಟಿ ಹಾಕಿದ್ದರು. ಬೈಕಿನಿಂದ ಬಿದ್ದಿದ್ದ. ಗಡ್ಡ ಬೆಳೆದು ಬೆವರಿಗೆ ನವೆಯೇಳುತ್ತಿತ್ತು. ಅವಳು ಬಾಚಣಿಗೆಯಿಂದ ಕೆರೆಯುತ್ತಿದ್ದಳು. ಮಾವ ಒಂದು ರೇಜರ್ ತಂದು, ಮಗನ ಮುಖದವರೆಗೂ ಕೈ ಒಯ್ದು, ಧೈರ್ಯ ಸಾಲದೆ ಮತ್ತೆ ಜೇಬಿಗೆ ಹಾಕಿಕೊಂಡಿದ್ದರು.

ಒಂದು ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿದ್ದ ಒಬ್ಬ ವಾರ್ಡಿನೊಳಗೆ ಬಂದ. "ಗಡ್ಡ ಮಾಡ್ಲಾ?" ಎಂದು ಮಂಚದಿಂದ ಮಂಚಕ್ಕೆ ಕೇಳುತ್ತ ಬಂದ. ಹಿರಿಯೂರಿನವನಂತೆ. ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಬರುತ್ತಾನಂತೆ. ಕಾಸು ಕೊಡಲು ಹೋದ ಮಾವನ ಕೈಯನ್ನು ಹಾಗೇ ಮಡಚಿಬಿಟ್ಟ. ಗಡ್ಡ ಮುಗಿದ ಮೇಲೆ ಯೋಗೇಶ್ ಕನ್ನಡಿ ಕೇಳಿದ. ತುಂಬ ಹೊತ್ತು ನೋಡಿಕೊಂಡ.

"ಮದುವೆ ಗಂಡು ಇದ್ದಂಗೆ ಇದೀನಲ್ಲೇ," ಎಂದ ಅವಳಿಗೆ.

ಆ ವಾರವೇ ನಂಜು ರಕ್ತಕ್ಕೇರಿತು.

ಮಗನ ಶಿವಗಣಾರಾಧನೆ ಮುಗಿದ ಮೇಲೆ ಬಂದ ಮಂಗಳವಾರ ಪರಮೇಶ್ವರಪ್ಪ ಬಾಲರಾಜುವಿನ ಮುಚ್ಚಿದ ಅಂಗಡಿಯ ಬಾಗಿಲು ಬಡಿದು, ಗಡ್ಡ ಮಾಡುವುದು ಕಲಿಸು ಎಂದರು. ಮಂಗಳವಾರ ಕ್ಷೌರದಂಗಡಿಗೆ ರಜೆ. ಬಾಲರಾಜು ಊದಿದ ಬಲೂನಿಗೆ ನೊರೆ ಹಚ್ಚಿ ಕೈಗೆ ಕೊಟ್ಟ. "ಎಷ್ಟು ಒಡದ್ರು ಅಂತೀರಾ! ಬೀದಿ ಹುಡುಗ್ರು ಹಬ್ಬ ಅನ್ಕಂಡು ಬಾಗ್ಲಿಗೆ ಬಂದಿದ್ರು," ಎಂದು ಅವನು ಇಂದಿಗೂ ಹೇಳುತ್ತಾನೆ. ಬಲೂನು ಒಡೆಯದ ದಿನ ಪರಮೇಶ್ವರಪ್ಪ ಊರಾಚೆಯ ವೃದ್ಧಾಶ್ರಮಕ್ಕೆ ಹೋದರು. ಆಮೇಲೆ ಒಂದು ಮಂಗಳವಾರವೂ ತಪ್ಪಿಸಲಿಲ್ಲ.

ದಿನಸಿ ಅಂಗಡಿ ನೋಡಿಕೊಳ್ಳುತ್ತಿದ್ದ ಬಸವೇಶನಿಗೆ ನಾಚಿಕೆ. "ಸಾಮಾನಿಗೆ ಬಂದೋರೆಲ್ಲ ಕೇಳ್ತಾರಪ್ಪ, ಯಜಮಾನ್ರು ಯಾವಾಗಿಂದ ಕ್ಷೌರಕ್ಕೆ ಇಳಿದ್ರು ಅಂತ."

"ಕೇಳ್ದೋರನ್ನ ನನ್ ಹತ್ರ ಕಳ್ಸು. ಬಿಟ್ಟಿ ಗಡ್ಡ ಮಾಡಿ ಕಳಿಸ್ತೀನಿ."

ಆಶ್ರಮದ ಟವೆಲುಗಳನ್ನು ಒಗೆದು ಹಾಕುವುದು ಕಾವ್ಯಶ್ರೀಯ ಪಾಲಿಗೆ ಬಂದಿತ್ತು. ಅವಳು ಹಿಂಡುತ್ತಿದ್ದರೆ ಅವರು ಬಾವಿಕಟ್ಟೆಯ ಮೇಲೆ ಕೂತು ಅಲ್ಲಿಯ ಸುದ್ದಿ ಹೇಳುತ್ತಿದ್ದರು. ಒಮ್ಮೊಮ್ಮೆ ಅವರ ಕೆನ್ನೆಯಲ್ಲೇ ಗೀರು ಗಾಯ ಇರುತ್ತಿತ್ತು. ವಯಸ್ಸಾಯಿತು, ಕೈ ನಡುಗುತ್ತಿದೆ ಎಂದುಕೊಂಡಿದ್ದಳು.

"ಕಾಟಯ್ಯನ ಎಡಗೈ ಕುದುರ್ತು ಕಣಮ್ಮ," ಎಂದಿದ್ದರು ಹೋದ ತಿಂಗಳು. "ಇನ್ನು ನಾನಿಲ್ದಿದ್ರೂ ನಡೀತೈತೆ."

ಆದರೂ ಜ್ವರ ಏರಿದಾಗ ಮತ್ತೆ ಅದೇ ಚಿಂತೆ. "ಮಂಗಳವಾರ ಯಾರು ನೋಡ್ಕಂತಾರಮ್ಮ?" ಅವಳು ಒದ್ದೆಬಟ್ಟೆ ಬದಲಾಯಿಸಿದ್ದಳು. ಉತ್ತರ ಕೊಟ್ಟಿರಲಿಲ್ಲ.

*

ಈಗ ಚಹ ಕುಡಿಸಿ ಕಳಿಸಿಬಿಟ್ಟರೆ, ಟವೆಲಿನೊಳಗೆ ಸೇರಿದ ಆ ಕೈ ಮತ್ತೆ ಹೊರಗೆ ಬರುವುದಿಲ್ಲ ಅನ್ನಿಸಿತು ಅವಳಿಗೆ.

"ಭಾವ," ಎಂದಳು.

ಬಸವೇಶ್ ತಿರುಗಿದ. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿದರು.

"ಅವರಿಗೇ ಕೊಡ್ರಿ. ಆ ಕೈ ಮೇಲೆ ಮಾವನಿಗೆ ನಂಬಿಕೆ ಇತ್ತು." ಬಾಗಿಲು ಬಿಟ್ಟು ಮುಂದೆ ಬಂದಳು. "ಗಾಯ ಆದ್ರೆ ಆಗ್ಲಿ. ಅವರ ಮುಖ ಅದು, ನಮ್ದಲ್ಲ."

ಬಸವೇಶ್ ಅವಳನ್ನೇ ನೋಡಿದ. ತಮ್ಮನ ಹೆಂಡತಿಯ ದನಿ ಹೀಗಿದೆ ಎನ್ನುವುದೇ ಅವನಿಗೆ ಮರೆತುಹೋದಂತಿತ್ತು. ಒಂದು ಹೆಜ್ಜೆ ಹಿಂದೆ ಸರಿದ.

"ತಗ ಕಾಟಣ್ಣ," ಎಂದು ಬಾಲರಾಜು ಕತ್ತಿ ಚಾಚಿದ. "ಹೆಂಗೂ ಇವತ್ತು ನಂಗೆ ರಜ."

ಕಾಟಯ್ಯ ಮಂಡಿಯೂರಿ ಕೂತ. ಎಡಗೈಯಲ್ಲಿ ಬ್ರಷ್ ತಿರುಗಿಸಿ ನೊರೆ ಎಬ್ಬಿಸಿ, ಮುಖಕ್ಕೆಲ್ಲ ದಪ್ಪಗೆ ಹಚ್ಚಿದ. ಕಿವಿಯ ಪಕ್ಕದ ಎಲುಬಿನ ಮೇಲೆ ಕತ್ತಿ ಸರಾಗವಾಗಿ ಇಳಿಯಿತು. ಬೀದಿಯಿಂದ ಇಣುಕುತ್ತಿದ್ದವರು ಕೂಡ ಮಾತು ನಿಲ್ಲಿಸಿದ್ದರು. ಗುಳಿಬಿದ್ದ ಕೆನ್ನೆಯ ಹತ್ತಿರ ಕತ್ತಿ ಬಂತು.

"ಯಜಮಾನ್ರೇ, ಕೆನ್ನೆ ಉಬ್ಬಿಸ್ರಿ," ಎಂದ ಕಾಟಯ್ಯ.

ಪಡಸಾಲೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೇಳಿದ್ದು ಏನೆಂದು ಅವನಿಗೂ ಆಗಲೇ ಹೊಳೆದಿರಬೇಕು. ಕತ್ತಿ ಗಾಳಿಯಲ್ಲಿ ನಿಂತಿತು. "ತಪ್ಪಾತು," ಎಂದ ಮೆಲ್ಲಗೆ. "ಅಭ್ಯಾಸ. ಚರ್ಮ ಎಳೆದು ಹಿಡಿಯಾಕೆ ನಂಗೆ ಇನ್ನೊಂದು ಕೈ ಇಲ್ಲ. ಅದಕ್ಕೆ ಗಾಳಿ ತುಂಬ್ಕಂಡು ಕೆನ್ನೆ ಉಬ್ಬಿಸ್ಕಂಡು ಕುಂತ್ಕಣಾರು. ಅವರ ಮುಖದ ಮ್ಯಾಲೇ ಕಲ್ತಿದ್ದು ನಾನು. ಎಷ್ಟು ಸಲ ಕುಯ್ದಿದೀನೋ. ಮುಂದಿನ ವಾರ ಮತ್ತೆ ಬಂದು ಕುಂತ್ಕಣಾರು." ಕತ್ತಿಯನ್ನು ಬಾಲರಾಜುವಿನ ಕಡೆ ಚಾಚಿದ. "ನೀನೇ ಮುಗಿಸಪ್ಪ. ಇದು ನನ್ ಕೈಲಿ ಆಗಲ್ಲ."

ಬಾಲರಾಜು ಬಗ್ಗುವಷ್ಟರಲ್ಲಿ ಕಾವ್ಯಶ್ರೀ ಸೆರಗು ಸಿಕ್ಕಿಸಿಕೊಂಡು ಮಾವನ ಪಕ್ಕ ಕೂತಿದ್ದಳು.

"ಏ ಹುಡ್ಗಿ, ಗಂಡಸರ ನಡುವೆ ನೀನ್ಯಾಕೆ ಹೋಗ್ತೀಯೇ?" ಎಂದರು ಎದುರುಮನೆಯ ವೀರಮ್ಮ.

"ನೀನು ಸುಮ್ಕಿರೇ ವೀರಿ," ಎಂದರು ಮರುಳಸಿದ್ದಮ್ಮ.

ಕಾವ್ಯಶ್ರೀ ಎರಡು ಬೆರಳನ್ನು ಮಾವನ ಕಿವಿಯ ಕೆಳಗೆ ಒತ್ತಿ ಚರ್ಮವನ್ನು ಮೇಲಕ್ಕೆಳೆದಳು. ತಣ್ಣಗಿತ್ತು. "ಇಷ್ಟು ಸಾಕಾ?"

"ಇನ್ನೊಂಚೂರು ಮ್ಯಾಕೆ ತಾಯಿ."

ಕತ್ತಿ ಮತ್ತೆ ಇಳಿಯಿತು. ಒಂದು ಕೈ ಅವನದು, ಒಂದು ಅವಳದು. ಗದ್ದದ ಹತ್ತಿರ ಬಂದಾಗ ತಲೆ ಮುಂದಕ್ಕೆ ವಾಲಿತು. ಬಸವೇಶ್ ಪಕ್ಕಕ್ಕೆ ಬಂದು ಮಂಡಿಯೂರಿ, ತಂದೆಯ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ. ಮೂವರ ಉಸಿರೂ ಒಂದಕ್ಕೊಂದು ತಾಗುತ್ತಿತ್ತು. ನೊರೆಯ ಮೇಲೆ ಒಂದು ಹನಿ ಬಿದ್ದು ಸಣ್ಣ ಗುಳಿಯಾಯಿತು. ಭಾವನದು ಎಂದುಕೊಂಡಳು. ಇನ್ನೊಂದು ಬಿತ್ತು. ಅದು ತನ್ನದೇ ಎಂದು ಗೊತ್ತಾದಾಗಲೂ ಬೆರಳು ಸಡಿಲ ಬಿಡಲಿಲ್ಲ.

ಒಂದು ಗಾಯವೂ ಆಗಲಿಲ್ಲ. ಬಾಲರಾಜು ಅಂಗೈ ಸವರಿ ನೋಡಿ, "ನನ್ ಅಂಗಡಿ ಮುಚ್ಚಾದು ಒಳ್ಳೇದು," ಎಂದ.

*

ವಿಭೂತಿ ಧರಿಸಿದ ಪರಮೇಶ್ವರಪ್ಪ ಹೂವಿನ ವಿಮಾನದಲ್ಲಿ ಕೂತು ಪೇಟೆ ಬೀದಿ ದಾಟಿದರು. ಭಜನೆಯ ದನಿ ತಿರುವಿನಲ್ಲಿ ಕಡಿಮೆಯಾಗುತ್ತ ಹೋಯಿತು. ಹೆಂಗಸರು ಮನೆ ತೊಳೆಯಲು ಕೊಡ ಎತ್ತಿಕೊಂಡರು.

ವ್ಯಾನು ಇನ್ನೂ ಬೇವಿನ ಮರದ ಕೆಳಗೇ ನಿಂತಿತ್ತು. ಕಾಟಯ್ಯ ಟವೆಲು ಮನೆಯಲ್ಲೇ ಮರೆತು ವ್ಯಾನು ಹತ್ತಿದ್ದ. ಅದನ್ನು ಹಿಡಿದು ಕಾವ್ಯಶ್ರೀ ಬೀದಿಗಿಳಿದಳು. ಕಿಟಕಿಗಳಲ್ಲಿ ಮುದುಕರು. ಎಲ್ಲರ ಮುಖದಲ್ಲೂ ವಾರದ ಗಡ್ಡ. ಬೆಳಗ್ಗೆ ಕಾದು ಕೂತು, ಹಾಗೇ ಎದ್ದು ಬಂದವರು.

"ಕಾಟಯ್ಯನವರೇ, ಮಂಗಳವಾರ ಆಶ್ರಮಕ್ಕೆ ಬಸ್ಸು ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಐತೆ ತಾಯಿ. ಯಾಕ್ರಿ?"

ಅವಳು ಉತ್ತರ ಕೊಡುವ ಮೊದಲೇ ಹಿಂದಿನ ಕಿಟಕಿಯಲ್ಲಿ ಒಬ್ಬ ಮುದುಕ ಮುಖ ಹೊರಗೆ ಚಾಚಿದ.

"ಅವನು ಚಿತ್ತಯ್ಯ," ಎಂದ ಕಾಟಯ್ಯ. "ಯಾರ ಹತ್ರಾನೂ ಮಾತಾಡಲ್ಲ."

ಚಿತ್ತಯ್ಯ ಕಣ್ಣು ಮುಚ್ಚಿ ಗದ್ದ ಎತ್ತಿ ಹಿಡಿದಿದ್ದ. ಕಾವ್ಯಶ್ರೀ ಟವೆಲನ್ನು ಹೆಗಲಿಗೆ ಹಾಕಿಕೊಂಡಳು. ಕೂದಲು ಯಾವ ಕಡೆಗೆ ಬೆಳೆದಿದೆ ಎಂದು ನೋಡಲು ಎರಡು ಬೆರಳನ್ನು ಅವನ ಮುಖದ ಮೇಲಿಟ್ಟಳು. ಬೆರಳ ಕೆಳಗೆ ಬೆಚ್ಚನೆಯ ಕೆನ್ನೆ ನಿಧಾನವಾಗಿ ಉಬ್ಬಿತು.